ಬೋಡಿಮೆಟ್ಟಿನ ನಾಲ್ಕನೆಯ ಹೆಂಗಸು

ದೆವ್ವ, ಗಾಳಿ, ಮೈಮೇಲೆ ಬರುವುದು, ಇಂಥ ಮಾತು ಶುರುವಾದರೆ ಎದ್ದು ಹೋಗಿ ಕಾಫಿ ಮಾಡಿಕೊಳ್ಳುತ್ತಿದ್ದವಳು ನಾನು. ಭಯದಿಂದಲ್ಲ, ಬೇಸರದಿಂದ. ದಿಂಡಿಗಲ್ಲಿನಲ್ಲಿ ನನ್ನದೊಂದು ರಕ್ತಪರೀಕ್ಷೆಯ ಲ್ಯಾಬ್ ಇದೆ. ದೇವಿ ಬರುತ್ತಾಳೆಂದು ಕರೆತಂದ ಹೆಂಗಸಿನ ಮೈಯಲ್ಲಿ ರಕ್ತವೇ ಇಲ್ಲದಿರುವುದನ್ನು, ಗಾಳಿ ಹಿಡಿದಿದೆ ಎಂದ ಮುದುಕನಿಗೆ ಸಕ್ಕರೆ ಪೂರಾ ಇಳಿದಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಈಗ ನಾನು ಹೇಳಹೊರಟಿರುವುದನ್ನು ಬೇರೆ ಯಾರಾದರೂ ನನಗೆ ಹೇಳಿದ್ದರೆ ಮರ್ಯಾದೆಗೆ ತಲೆಯಾಡಿಸಿ, ಮನೆಗೆ ಬಂದಮೇಲೆ ನಕ್ಕುಬಿಡುತ್ತಿದ್ದೆ. ನೀವು ನಕ್ಕರೂ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ನಮ್ಮದು ಕೊಂಬೈ ಕಡೆಯ ಕನ್ನಡದ ಮನೆ. ನಮ್ಮವರು ಎಷ್ಟು ತಲೆಮಾರಿನ ಹಿಂದೆ ತಮಿಳುನಾಡಿನ ಕಂಬಂ ಕಣಿವೆಗೆ ಬಂದರೋ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಬೀದಿಗೆ ತಮಿಳು, ಅಡುಗೆಮನೆಗೆ ಕನ್ನಡ, ಹೀಗೆ ಬೆಳೆದವರು ನಾವು. ಆ ಕನ್ನಡವನ್ನು ಬರೆಯುವುದು ಹೇಗೆಂದು ನಮ್ಮ ಮನೆಯಲ್ಲಿ ಯಾರಿಗೂ ತಿಳಿಯದು. ಮೈಸೂರಿನಲ್ಲಿ ಓದುವಾಗ ನಾನು ಅಕ್ಷರ ಕಲಿತೆ, ಅದರಿಂದಲೇ ಇದನ್ನು ಬರೆಯಲು ಸಾಧ್ಯವಾಗುತ್ತಿದೆ.

ಆ ದಿನ ನನ್ನ ಜೊತೆ ಇದ್ದವರು ಇಬ್ಬರು. ಒಬ್ಬಳು ನನ್ನ ತಂಗಿ ಸೆಲ್ವಿ. ಕೊಂಬೈಯಲ್ಲೇ ಇದ್ದು ದ್ರಾಕ್ಷಿ ತೋಟ ನೋಡಿಕೊಳ್ಳುತ್ತಾಳೆ. ಟ್ರ್ಯಾಕ್ಟರನ್ನೂ ಕಾರನ್ನೂ ಒಂದೇ ಧೈರ್ಯದಲ್ಲಿ ಓಡಿಸುವವಳು. ಇನ್ನೊಬ್ಬಳು ನಮ್ಮ ದೊಡ್ಡಮ್ಮನ ಮಗಳು ವಿಜಯಾ. ನಮ್ಮಿಬ್ಬರಿಗೂ ಅಕ್ಕ. ಅವಳದು ನಿಲಕ್ಕೋಟ್ಟೈಯಲ್ಲಿ ಹೂವಿನ ವ್ಯಾಪಾರ. ಚಿಕ್ಕಂದಿನಿಂದ ಅಲ್ಲೇ ಬೆಳೆದದ್ದರಿಂದ ಅವಳಿಗೆ ನಮ್ಮ ಕನ್ನಡ ಅರ್ಧ ತಿಳಿಯುತ್ತದೆ, ಮಾತಾಡಲು ಹೋದರೆ ಮುಕ್ಕಾಲು ತಮಿಳೇ ಬರುತ್ತದೆ.

ಈ ವಿಜಯಕ್ಕ ಅದಕ್ಕೆ ಕೆಲವು ತಿಂಗಳ ಹಿಂದೆ ಕೆರಿಬಿಯನ್ ದ್ವೀಪವೊಂದಕ್ಕೆ ಹೋಗಿಬಂದಿದ್ದಳು. ಚೆನ್ನೈನ ದೊಡ್ಡ ಮನೆತನದವರು ಮಗಳ ಮದುವೆಯನ್ನು ಅಲ್ಲಿನ ಸಮುದ್ರದ ದಂಡೆಯಲ್ಲಿ ಮಾಡಿದರು. ಮಂಟಪದ ಹೂವಿನ ಕೆಲಸಕ್ಕೆ ಇವಳನ್ನು ಕರೆಸಿಕೊಂಡರು. ಮಲ್ಲಿಗೆಯನ್ನು ಐಸ್ ಪೆಟ್ಟಿಗೆಯಲ್ಲಿಟ್ಟುಕೊಂಡು ವಿಮಾನದ ಮೇಲೆ ವಿಮಾನ ಬದಲಾಯಿಸಿ ಹೋದವಳು, ಮದುವೆ ಮುಗಿದಮೇಲೆ ಊರು ನೋಡಲೆಂದು ಒಂದು ವಾರ ಅಲ್ಲೇ ಉಳಿದಳು. ಒಬ್ಬಳೇ. ಹೋಗುವ ಮೊದಲು ನಮಗೆಲ್ಲ ಅವಳದೇ ಚಿಂತೆ. ಗೊತ್ತಿಲ್ಲದ ಸೀಮೆ, ಗೊತ್ತಿಲ್ಲದ ಜನ. ಆದರೆ ಕೂದಲೂ ಕೊಂಕದೆ ಬಂದಳು. ಬರುವಾಗ ಸಮುದ್ರದ ಬಿಸಿಲಿಗೆ ಕಪ್ಪಾದ ಮುಖದ ಜೊತೆ ಒಂದು ಮೂಟೆ ನಿಯಮಗಳನ್ನೂ ತಂದಳು.

ಅಲ್ಲಿ ಹೋಟೆಲಿನವರು ಮೊದಲ ದಿನವೇ ಕೂರಿಸಿಕೊಂಡು ಹೇಳಿದ್ದರಂತೆ. ಒಡವೆ ಕೋಣೆಯ ಬೀರುವಿನಲ್ಲಿಡಿ. ಯಾವ ಕೋಣೆ, ಎಷ್ಟು ದಿನ ಇರುತ್ತೀರಿ ಎಂದು ದಾರಿಯಲ್ಲಿ ಸಿಕ್ಕವರಿಗೆ ಹೇಳಬೇಡಿ. ನಾವು ಕರೆಸಿದ ಟ್ಯಾಕ್ಸಿಯಲ್ಲೇ ಹೋಗಿ. ಹೊತ್ತು ಮುಳುಗಿದಮೇಲೆ ದಂಡೆಯ ಮೇಲೆ ಅಡ್ಡಾಡಬೇಡಿ. ಯಾರಾದರೂ ಆಯುಧ ತೋರಿಸಿದರೆ ಕೇಳಿದ್ದನ್ನು ಕೊಟ್ಟುಬಿಡಿ, ಮುಖ ದಿಟ್ಟಿಸಬೇಡಿ, ಕೈಮಾಡಬೇಡಿ. ಇದೆಲ್ಲವನ್ನೂ ವಿಜಯಕ್ಕ ವ್ರತದ ಹಾಗೆ ನಡೆಸಿದಳು. ಅಲ್ಲಿ ಅವಳಿಗೆ ಸಿಕ್ಕವರೆಲ್ಲ ಒಳ್ಳೆಯವರೇ. ದಾರಿ ತಪ್ಪಿದಾಗ ಒಬ್ಬ ಮೀನುಗಾರ ಹೆಂಗಸು ಕೈಹಿಡಿದು ಹೋಟೆಲಿನ ಬಾಗಿಲಿಗೆ ಬಿಟ್ಟುಹೋದಳಂತೆ. ಆದರೂ ಆ ನಿಯಮಗಳು ಅವಳ ತಲೆಯಲ್ಲಿ ಕೂತುಬಿಟ್ಟವು. ಮಾರ್ಕೆಟ್ಟಿಗೆ ಹೋದರೂ ಅದೇ, ಬಸ್ ಹತ್ತಿದರೂ ಅದೇ.

ಮಳೆಗಾಲ ಕಳೆದು ಚಳಿ ಹಿಡಿಯುವ ಹೊತ್ತಿಗೆ ನಾವು ಮೂವರೂ ಎರಡು ದಿನ, ಬೋಡಿ ಊರಿನ ಮೇಲಿನ ಘಾಟಿಯ ನೆತ್ತಿಯಲ್ಲಿರುವ ಬೋಡಿಮೆಟ್ಟಿನಲ್ಲಿ ಇದ್ದುಬರೋಣ ಎಂದುಕೊಂಡೆವು. ಏಲಕ್ಕಿ ಎಸ್ಟೇಟೊಂದರ ಒಳಗೆ ಪ್ರವಾಸಿಗರಿಗೆಂದು ಕಟ್ಟಿದ ಒಂದು ಕಾಟೇಜು. ಮಧ್ಯಾಹ್ನ ಬೋಡಿಯಲ್ಲಿ ಊಟ ಮುಗಿಸಿ ಹೊರಟೆವು. ಕಾರು ಸೆಲ್ವಿಯದು, ಓಡಿಸುತ್ತಿದ್ದವಳೂ ಅವಳೇ. ವಿಜಯಕ್ಕ ಅವಳ ಪಕ್ಕದಲ್ಲಿ, ನಾನು ಹಿಂದೆ. ಘಾಟಿಯ ತಿರುವು ಶುರುವಾಗುವ ಮೊದಲೇ ವಿಜಯಕ್ಕ ನಮ್ಮ ಕೈಬಳೆ ಬಿಚ್ಚಿಸಿದ್ದಳು. ಮೊಬೈಲಿನಲ್ಲಿ ನಾವೆಲ್ಲಿದ್ದೇವೆಂದು ಮನೆಯವರಿಗೆ ಕಾಣುವ ಹಾಗೆ ಮಾಡಿಸಿದ್ದಳು. ಚಹಾ ಅಂಗಡಿಯವನು ಎಲ್ಲಿಗೆ ಎಂದು ಕೇಳಿದ್ದಕ್ಕೆ ಮುನ್ನಾರಿಗೆ ಎಂದು ಸುಳ್ಳು ಹೇಳಿದ್ದಳು.

ಸೆಲ್ವಿಗೆ ನಗು ತಡೆಯಲಿಲ್ಲ. "ಏನಕ್ಕಾ ನೀನು, ಇದೇನು ಸಮುದ್ರದೊಳಗಿನ ದೀವಾ? ನಮ್ಮ ಮಲೆ ಕಣಕ್ಕಾ. ನಮ್ಮ ಮಲೆಗೆ ನಾವು ಓಗಕ್ಕೆ ಇಷ್ಟು ಭಯವಾ?" ಎಂದಳು.

"ಊರು ಯಾವುದಾದರೇನು ತಂಗೀ," ಎಂದಳು ವಿಜಯಕ್ಕ. "ಮನುಷ್ಯರು ಮನುಷ್ಯರೇ ಅಲ್ಲವಾ."

ನಾನೂ ಸೆಲ್ವಿಯ ಜೊತೆ ನಕ್ಕೆ.

ಮೆಟ್ಟಿನ ಹತ್ತಿರ ಟಾರು ರಸ್ತೆ ಬಿಟ್ಟು ಎಸ್ಟೇಟಿನ ಮಣ್ಣು ದಾರಿಗೆ ತಿರುಗಿದೆವು. ಎರಡೂ ಕಡೆ ಆಳೆತ್ತರದ ಏಲಕ್ಕಿ ಗಿಡ, ಮೇಲೆ ದೊಡ್ಡ ಮರಗಳ ನೆರಳು. ಅಷ್ಟರಲ್ಲಿ ಮಂಜು ಇಳಿಯತೊಡಗಿತು. ನಡುಹಗಲಿನ ಬೆಳಕೇ ಬೆಳ್ಳಗೆ ಮಬ್ಬಾಗಿ ಮುಂದಿನ ನಾಲ್ಕು ಮಾರು ಮಾತ್ರ ಕಾಣುತ್ತಿತ್ತು. ಒಂದು ತಿರುವಿನಲ್ಲಿ ದಾರಿಗೆ ಅಡ್ಡವಾಗಿ ಮರದ ಕೊಂಬೆ ಬಿದ್ದಿತ್ತು.

"ಇಳಿಯಬೇಡ. ಹಿಂದಕ್ಕೆ ತೆಗೆ," ಎಂದಳು ವಿಜಯಕ್ಕ ತಕ್ಷಣ.

"ಗಾಳಿಗೆ ಬಿದ್ದದ್ದು ಅಕ್ಕಾ. ಈ ತಿರುವಿನಲ್ಲಿ ಹಿಂದಕ್ಕೆ ತೆಗೆದರೆ ಚಕ್ರ ಹಳ್ಳಕ್ಕಿಳಿಯುತ್ತದೆ," ಎಂದು ಸೆಲ್ವಿ ಇಳಿದಳು. ಕೊಂಬೆಯ ಬುಡ ಹಿಡಿದು ಎಳೆಯಲು ಬಗ್ಗಿದವಳು ಹಾಗೇ ನಿಂತುಬಿಟ್ಟಳು. ಬುಡ ಮುರಿದದ್ದಲ್ಲ, ಕಡಿದದ್ದು. ಅವಳು ಅದನ್ನು ನೋಡಿದ್ದು, ಏಲಕ್ಕಿಯ ಎಲೆಗಳನ್ನು ಸೀಳಿಕೊಂಡು ಒಬ್ಬ ಹೊರಗೆ ಬಂದದ್ದು, ಎರಡೂ ಒಟ್ಟಿಗೆ. ಅವನ ಕೈಯಲ್ಲಿ ಕಬ್ಬಿಣದ ರಾಡ್ ಇತ್ತು. ಒಂದು ಮಾತೂ ಆಡದೆ ಅವಳ ಮೊಣಕಾಲಿಗೆ ಬೀಸಿದ. ಆ ಸದ್ದು ಮುಚ್ಚಿದ ಗಾಜಿನೊಳಗಿದ್ದ ನನಗೂ ಕೇಳಿಸಿತು.

ನಾನು ಕಿರುಚಿದೆನೋ ಇಲ್ಲವೋ ನೆನಪಿಲ್ಲ. ಅಷ್ಟರಲ್ಲಿ ಇನ್ನೊಬ್ಬ ವಿಜಯಕ್ಕನ ಕಡೆಯ ಗಾಜನ್ನು ಮಚ್ಚಿನ ಹಿಂಬದಿಯಿಂದ ಒಡೆದ. ಗಾಜು ಸಕ್ಕರೆಯ ಹಾಗೆ ಅವಳ ಮಡಿಲಿಗೆ ಸುರಿಯಿತು. ಅವನು ಕೈಹಾಕಿ ಅವಳ ಜಡೆ ಹಿಡಿದು, ಬಾಗಿಲು ತೆಗೆಯುವ ತಾಳ್ಮೆಯೂ ಇಲ್ಲದೆ, ಕಿಟಕಿಯಿಂದಲೇ ಎಳೆದ. ಅಂಚಿಗೆ ಉಳಿದಿದ್ದ ಗಾಜು ಅವಳ ಕತ್ತಿನ ಪಕ್ಕ, ಹೆಗಲು ಎಲ್ಲ ಗೀರಿತು. ಬಿಡಿಸಿಕೊಳ್ಳಲು ಪರದಾಡಿದ ಅವಳ ಕೈಗೆ ಅವನು ಮುಖಕ್ಕೆ ಕಟ್ಟಿಕೊಂಡಿದ್ದ ಬಟ್ಟೆ ಸಿಕ್ಕಿ ಕಳಚಿಬಂತು. ನಾನು ಇಳಿದು ಓಡಿಹೋಗಿ ಅವನ ತೋಳಿಗೆ ಜೋತುಬಿದ್ದೆ. ಅವನು ತಿರುಗಿ ನೋಡಲೂ ಇಲ್ಲ. ನೊಣ ಓಡಿಸುವ ಹಾಗೆ ಮಚ್ಚು ಬೀಸಿದ. ಎಡಗೈಯಲ್ಲಿ ಮೊದಲು ತಣ್ಣಗಾಯಿತು. ನೋಡಿದರೆ ಮೊಣಕೈಯ ಕೆಳಗೆ ಚರ್ಮ ಬಾಯಿ ತೆರೆದುಕೊಂಡು ಒಳಗಿನ ಬೆಳ್ಳಗಿನದು ಕಾಣುತ್ತಿತ್ತು. ದಿನಾ ರಕ್ತ ನೋಡುವವಳು ನಾನು. ಅಷ್ಟು ಬಿಸಿಯಾಗಿರುತ್ತದೆ ಎಂದು ಗೊತ್ತಿರಲಿಲ್ಲ.

ಮೂವರನ್ನೂ ಎಳೆದು, ಒದ್ದು, ಕಾರಿನ ಮುಂದೆ ಒಟ್ಟಿಗೆ ನಿಲ್ಲಿಸಿದರು. ಸೆಲ್ವಿಗೆ ನಿಲ್ಲಲು ಆಗುತ್ತಿರಲಿಲ್ಲ. ಬಾನೆಟ್ಟಿಗೆ ಒರಗಿದ್ದಳು. ಆ ಸ್ಥಿತಿಯಲ್ಲೂ ವಿಜಯಕ್ಕನಿಗೆ ದ್ವೀಪದಲ್ಲಿ ಹೇಳಿಕೊಟ್ಟದ್ದು ನೆನಪಿತ್ತು. ತಲೆ ತಗ್ಗಿಸಿ, "ಅಣ್ಣಾ, ಎಲ್ಲಾ ಎಡುತ್ತುಕ್ಕೋಂಗ," ಎಲ್ಲವನ್ನೂ ತೆಗೆದುಕೊಳ್ಳಿ ಎಂದು ತಮಿಳಿನಲ್ಲಿ ಬೇಡಿಕೊಂಡಳು. ಚೀಲ, ಮೊಬೈಲು, ಕಾರಿನ ಬೀಗದಕೈ, ಎಲ್ಲವನ್ನೂ ನೆಲದ ಮೇಲಿಟ್ಟಳು. ನನ್ನ ಕಡೆ ತಿರುಗಿ, ಮುಖ ನೋಡಬೇಡ, ನೋಡಬೇಡ ಎಂದು ಪಿಸುಗುಡುತ್ತಿದ್ದಳು. ಆದರೆ ನೋಡಿ ಆಗಿತ್ತು. ಮಚ್ಚಿನವನ ಮುಖದ ಬಟ್ಟೆ ಕೊರಳಲ್ಲಿ ನೇತಾಡುತ್ತಿತ್ತು. ಮೂವತ್ತು ದಾಟದ ಮುಖ, ಕುರುಚಲು ಗಡ್ಡ, ಮುಂದಿನ ಒಂದು ಹಲ್ಲು ಇಲ್ಲ.

ಅವರು ಎಲ್ಲವನ್ನೂ ಬಾಚಿಕೊಂಡರು. ಅಲ್ಲಿಗೆ ಮುಗಿಯಬೇಕಿತ್ತು. ರಾಡ್ ಹಿಡಿದವನು ತಮಿಳಿನಲ್ಲಿ, "ನಿನ್ನ ಮುಖ ನೋಡಿದ್ದಾರಲ್ಲೋ. ಮೂವರೂ ನೋಡಿದ್ದಾರೆ," ಎಂದ. ಮಂಜಿನಲ್ಲಿ ಎಲೆಗಳಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. "ಮುಗಿಸು," ಎಂದ ರಾಡ್‌ನವನು.

ಮಚ್ಚಿನವನಿಗೆ ಮನಸ್ಸಿರಲಿಲ್ಲವೇನೋ. ಒಂದು ಸಲ ದಾರಿಯ ಕಡೆ, ಒಂದು ಸಲ ನಮ್ಮ ಕಡೆ ನೋಡಿದ. ಆಮೇಲೆ ಎರಡೂ ಕೈಯಲ್ಲಿ ಮಚ್ಚು ಹಿಡಿದು, ತಲೆಯ ಮೇಲಕ್ಕೆತ್ತಿದ. ನಡುವಿನಲ್ಲಿದ್ದವಳು ಸೆಲ್ವಿ. ಅವಳು ಕಣ್ಣು ಮುಚ್ಚಲಿಲ್ಲ. ನನ್ನ ತಂಗಿಯ ಕತ್ತಿನ ನರ ಹೊಡೆದುಕೊಳ್ಳುತ್ತಿದ್ದದ್ದು ನನಗೆ ಕಾಣುತ್ತಿತ್ತು.

ಆಗ ಆ ದನಿ ಬಂತು.

"ಕುಕ್ಕರಿಸ್ರೇ ಎಣ್ಮಕ್ಕಳಾ!"

ಹೆಂಗಸಿನ ದನಿ. ವಯಸ್ಸಾದ, ಗಟ್ಟಿಯಾದ, ಹೊಲದ ಆ ತುದಿಯಿಂದ ಕೂಗಿ ಅಭ್ಯಾಸವಿರುವ ದನಿ. ನಮ್ಮ ಕನ್ನಡ. ಈಗ ನಮ್ಮ ಮನೆಗಳಲ್ಲಿ ಯಾರೂ ಕುಕ್ಕರಿಸು ಎನ್ನುವುದಿಲ್ಲ, ಕುತ್ಕೋ ಎನ್ನುತ್ತೇವೆ, ಹುಡುಗರಾದರೆ ಉಕ್ಕಾರು ಎಂದು ತಮಿಳಿನಲ್ಲೇ ಹೇಳುತ್ತಾರೆ. ನಾನು ಆ ಮಾತನ್ನು ಚಿಕ್ಕಂದಿನಲ್ಲಿ ಕೊಂಬೈಯ ಮುದುಕಿಯರ ಬಾಯಲ್ಲಿ ಕೇಳಿದ್ದೆ, ಆಮೇಲೆ ಕೇಳಿರಲಿಲ್ಲ. ಯೋಚಿಸಲು ಹೊತ್ತೆಲ್ಲಿ. ಮೈ ತಾನಾಗಿ ಮಡಚಿಕೊಂಡಿತು. ಮೂವರೂ ಒಟ್ಟಿಗೆ ನೆಲಕ್ಕೆ ಕುಕ್ಕರಿಸಿದೆವು. ಕಾಲು ಮುರಿದಿದ್ದ ಸೆಲ್ವಿಯೂ ಕುಕ್ಕರಿಸಿದಳು. ಮಚ್ಚು ನಮ್ಮ ತಲೆಯ ಮೇಲೆ ಬಾನೆಟ್ಟಿನ ತಗಡನ್ನು ಸೀಳಿಕೊಂಡು ಇಳಿಯಿತು.

ಆಮೇಲೆ ನಡೆದದ್ದನ್ನು ನಾನು ಪೂರ್ತಿ ನೋಡಲಿಲ್ಲ. ನನ್ನ ಮುಖ ಹೆಚ್ಚುಕಡಿಮೆ ಮಣ್ಣಿನಲ್ಲಿತ್ತು. ಕೇಳಿದ್ದು ಮಾತ್ರ ಇದು. ಒಣಸೌದೆ ಮುರಿಯುವಂಥ ಸದ್ದು, ಒಂದಲ್ಲ, ಒಂದರ ಹಿಂದೆ ಇನ್ನೊಂದು. ಮಚ್ಚಿನವನ ಕೂಗು. ಕೂಗು ಎನ್ನುವುದಕ್ಕಿಂತ, ಕರು ಹಗ್ಗಕ್ಕೆ ಸಿಕ್ಕಿಕೊಂಡು ಒರಲುವ ಹಾಗೆ. ನಾನು ಒಂದು ಸಲ ಕಣ್ಣೆತ್ತಿದೆ. ಅವನ ನೀಲಿ ಹವಾಯಿ ಚಪ್ಪಲಿಗಳು ನನ್ನ ಮುಖದ ಮುಂದೆಯೇ ಇದ್ದವು. ಚಪ್ಪಲಿಯೊಳಗೆ ಕಾಲಿರಲಿಲ್ಲ. ಕಾಲುಗಳು ಅದರಿಂದ ಒಂದು ಗೇಣು ಮೇಲೆ ಗಾಳಿಯಲ್ಲಿ ಒದ್ದಾಡುತ್ತಿದ್ದವು. ಅದಕ್ಕಿಂತ ಮೇಲೆ ನೋಡಲು ನನಗೆ ಧೈರ್ಯ ಬರಲಿಲ್ಲ. ಇವತ್ತು ಅದಕ್ಕಾಗಿ ನನಗೆ ಪಶ್ಚಾತ್ತಾಪವಿದೆಯೋ, ಸಮಾಧಾನವಿದೆಯೋ ಹೇಳಲಾರೆ. ಯಾರೋ ಮೂಟೆ ಎಸೆದ ಹಾಗೆ ಏಲಕ್ಕಿಯ ನಡುವೆ ಏನೋ ಬಿತ್ತು. ಇನ್ನೊಬ್ಬ "ಐಯೋ, ಯಾರಿದು, ಯಾರಿದು," ಎಂದು ಹಿಂದೆ ಹಿಂದೆ ಹೋಗುವುದು, ಕಲ್ಲು ಜಾರುವುದು, ಕೂಗು ಕೆಳಕ್ಕೆ, ಇನ್ನೂ ಕೆಳಕ್ಕೆ ಹೋಗಿ ಸಟ್ಟನೆ ನಿಲ್ಲುವುದು, ಇವೆಲ್ಲ ಕೇಳಿದವು.

ಎದ್ದು ನೋಡಿದಾಗ ದಾರಿಯಲ್ಲಿ ನಮ್ಮ ಮೂವರನ್ನು ಬಿಟ್ಟು ಯಾರೂ ಇರಲಿಲ್ಲ.

ಅವರು ಬಾಚಿಕೊಂಡಿದ್ದ ಚೀಲಗಳು ನೆಲದಲ್ಲಿ ಚೆಲ್ಲಾಡಿದ್ದವು. ವಿಜಯಕ್ಕ ಬೀಗದಕೈ ಹುಡುಕಿಕೊಂಡಳು, ತನ್ನ ಶಾಲನ್ನು ಹರಿದು ನನ್ನ ಕೈಗೆ ಬಿಗಿದಳು, ಸೆಲ್ವಿಯನ್ನು ಹಿಂದಿನ ಸೀಟಿಗೆ ಎಳೆದು ಹಾಕಿದಳು. ನಿಲಕ್ಕೋಟ್ಟೈಯ ಬಯಲಿನಲ್ಲಿ ಸ್ಕೂಟಿ ಓಡಿಸಿ, ಯಾವಾಗಲಾದರೊಮ್ಮೆ ಕಾರು ಮುಟ್ಟಿದವಳು. ಆ ಮಂಜಿನಲ್ಲಿ, ಕತ್ತಿನಿಂದ ರಕ್ತ ಇಳಿಯುತ್ತಿರುವಾಗ, ಹಿಮ್ಮುಖವಾಗಿ ಟಾರು ರಸ್ತೆಯವರೆಗೆ ತಂದು, ಅಷ್ಟೂ ತಿರುವುಗಳನ್ನು ಇಳಿಸಿ ನಮ್ಮನ್ನು ಬೋಡಿಯ ಆಸ್ಪತ್ರೆಗೆ ತಲುಪಿಸಿದಳು. ದಾರಿಯುದ್ದಕ್ಕೂ ಒಂದೇ ಮಾತು ಆಡಿದಳು. "ಯಾರು ಕೂಗಿದ್ದು?"

"ಅಕ್ಕ ಅಲ್ಲವಾ?" ಎಂದಳು ಸೆಲ್ವಿ. ಅವಳು ಹೇಳಿದ್ದು ನನ್ನನ್ನು.

ನಾನು ಸೆಲ್ವಿಯೇ ಕೂಗಿದಳು ಎಂದುಕೊಂಡಿದ್ದೆ.

ಆಸ್ಪತ್ರೆಯಲ್ಲಿ ನನ್ನ ಕೈಗೆ ಹೊಲಿಗೆ ಹಾಕುತ್ತಿರುವಾಗ ಪೊಲೀಸರು ಬಂದರು. ಜಾಗ ಕೇಳಿಕೊಂಡು ಒಂದು ತಂಡ ಮೇಲೆ ಹೋಯಿತು. ಸಂಜೆಯ ದೀಪ ಹಚ್ಚುವ ಹೊತ್ತಿಗೆ ಮಚ್ಚಿನವನನ್ನು ಸ್ಟ್ರೆಚರಿನಲ್ಲಿ ಹೊತ್ತುತಂದು ಅದೇ ತುರ್ತು ವಾರ್ಡಿನಲ್ಲಿ, ನನ್ನಿಂದ ನಾಲ್ಕು ಮಂಚ ಆಚೆಗೆ ಮಲಗಿಸಿದರು. ಒಂದು ಕಾಲಿಗೆ ಕೋಳ ಹಾಕಿ ಮಂಚಕ್ಕೆ ಬಿಗಿದಿದ್ದರು. ಬಲಗೈ ಬಟ್ಟೆ ಹಿಂಡಿಟ್ಟ ಹಾಗೆ ತಿರುಚಿಕೊಂಡಿತ್ತು. ತಲೆಯ ಒಂದು ಕಡೆ ಕೂದಲು ಬುಡಸಹಿತ ಕಿತ್ತುಬಂದು ನೆತ್ತಿ ಹಸಿಯಾಗಿತ್ತು. ಇನ್ನೊಬ್ಬ ಕಣಿವೆಯ ಬಂಡೆಯ ಮೇಲೆ ಸಿಕ್ಕಿದನಂತೆ, ಆಗಲೇ ಜೀವ ಹೋಗಿತ್ತು.

ಇನ್ಸ್‌ಪೆಕ್ಟರು ನನ್ನ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತರು. ಒರಟು ಮನುಷ್ಯರಲ್ಲ. ಮೆತ್ತಗೆ, "ಮೇಡಂ, ನಾಲ್ಕನೆಯವರು ಎಲ್ಲಿ?" ಎಂದರು.

"ನಾವು ಮೂವರೇ ಸಾರ್."

"ಅವನು ನಾಲ್ಕು ಜನ ಎನ್ನುತ್ತಾನೆ. ಕಾರಿನಲ್ಲಿ ನಾಲ್ಕು ಹೆಂಗಸರಿದ್ದರಂತೆ. ನೀವು ಯಾರನ್ನೋ ಕಾಪಾಡಲು ನೋಡುತ್ತಿದ್ದೀರಿ. ಹೆದರಬೇಡಿ, ಜೀವ ಉಳಿಸಿಕೊಳ್ಳಲು ಹೊಡೆದದ್ದು ತಪ್ಪಲ್ಲ. ಆದರೆ ಒಬ್ಬ ಸತ್ತಿದ್ದಾನೆ. ಯಾರು ಏನು ಮಾಡಿದರು ಎಂದು ನಾನು ಬರೆಯಬೇಕು."

ನಮ್ಮನ್ನು ಬೇರೆ ಬೇರೆಯಾಗಿ ಕೇಳಿದರು. ಆ ದನಿ ನನಗೆ ಬೆನ್ನ ಹಿಂದಿನಿಂದ ಬಂದಿತ್ತು, ಕಾರಿನೊಳಗಿಂದ ಬಂದ ಹಾಗೆ. ಸೆಲ್ವಿಗೆ ಎದುರಿನಿಂದ, ಆ ಇಬ್ಬರು ಗಂಡಸರ ನಡುವಿನಿಂದ. ವಿಜಯಕ್ಕನಿಗೆ ಕಿವಿಯ ಪಕ್ಕದಲ್ಲೇ, ಉಸಿರು ತಾಗುವಷ್ಟು ಹತ್ತಿರ. ಇನ್ನೊಂದು ಮಾತು ಆಮೇಲೆ ತಿಳಿಯಿತು. ವಿಜಯಕ್ಕನಿಗೆ ಕುಕ್ಕರಿಸು ಎಂದರೆ ಏನೆಂದೇ ಗೊತ್ತಿರಲಿಲ್ಲ. ಅರ್ಥ ಹೇಳಿದವಳು ಸೆಲ್ವಿ, ಆಸ್ಪತ್ರೆಯಲ್ಲಿ. ಹಾಗಾದರೆ ನೀನು ಯಾಕೆ ಕೂತೆ ಎಂದು ಕೇಳಿದೆವು. "ಹೆಗಲ ಮೇಲೆ ಕೈಯಿಟ್ಟು ಒತ್ತಿದರಲ್ಲ," ಎಂದಳು.

ನಾನು ಬುದ್ಧಿ ಇರುವವಳು. ಎಸ್ಟೇಟಿನ ಕೂಲಿ ಹೆಂಗಸು ಯಾರೋ ಸೊಪ್ಪು ಕೊಯ್ಯುತ್ತಿದ್ದವಳು ಬಂದಿರಬೇಕು, ಕೊಲೆಯಾಯಿತೆಂದು ಹೆದರಿ ಓಡಿಹೋಗಿರಬೇಕು, ಹೀಗೆ ಇನ್ಸ್‌ಪೆಕ್ಟರಿಗೆ ನಾನೇ ಹೇಳಿದೆ. ಅವರು ಅದನ್ನೂ ವಿಚಾರಿಸಿದರು. ಆ ಎಸ್ಟೇಟಿನಲ್ಲಿ ಅಂದು ಕೆಲಸ ಇರಲಿಲ್ಲ. ಸುತ್ತಲಿನ ಎಸ್ಟೇಟುಗಳಲ್ಲೂ ಕನ್ನಡ ಮಾತಾಡುವ ಹೆಂಗಸು ಒಬ್ಬಳೂ ಸಿಗಲಿಲ್ಲ. ಸಿಕ್ಕಿದ್ದರೂ, ಗಂಡಸೊಬ್ಬನನ್ನು ಚಪ್ಪಲಿಯಿಂದ ಮೇಲಕ್ಕೆತ್ತಿ ಹಿಡಿಯುವ ಹೆಂಗಸು ಎಲ್ಲಿದ್ದಾಳೆ?

ಮರುದಿನ ಬೆಳಿಗ್ಗೆ ನನ್ನನ್ನು ವಾರ್ಡಿನಿಂದ ಕಳಿಸುವ ಹೊತ್ತಿಗೆ ಅವನನ್ನು ದಾಟಿ ಹೋಗಬೇಕಾಯಿತು. ಪೇದೆ ಬಾಗಿಲಲ್ಲಿ ಚಹಾ ಕುಡಿಯುತ್ತಿದ್ದ. ನಾನು ತಲೆ ತಗ್ಗಿಸಿಕೊಂಡೇ ಹೊರಟಿದ್ದೆ. ಅವನು ಕರೆದ.

"ಅಕ್ಕಾ."

ಜೀವ ತೆಗೆಯಲು ಮಚ್ಚೆತ್ತಿದವನು ಅಕ್ಕಾ ಎನ್ನುತ್ತಿದ್ದಾನೆ. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಅವನ ಕಣ್ಣು ನನ್ನ ಮೇಲಿರಲಿಲ್ಲ. ನನ್ನ ಹಿಂದೆ, ಅಕ್ಕಪಕ್ಕ ಹುಡುಕುತ್ತಿತ್ತು.

"ಆ ಅಮ್ಮ ಬಂದಿದ್ದಾಳಾ?" ಎಂದು ತಮಿಳಿನಲ್ಲಿ ಕೇಳಿದ.

"ಯಾವ ಅಮ್ಮ?"

"ನಿಮ್ಮ ಜೊತೆ ಕಾರಿನಲ್ಲಿದ್ದ ಅಮ್ಮ. ಒದ್ದೆ ಸೀರೆಯವಳು. ಮೈಯೆಲ್ಲ ನೀರು ಸುರಿಯುತ್ತಿತ್ತಲ್ಲ." ಅವನ ತುಟಿ ಒಣಗಿ ಬಿರಿದಿತ್ತು. "ಅವಳು ನನ್ನ ಕಿವಿಯಲ್ಲಿ ಒಂದು ಮಾತು ಹೇಳಿದಳು. ನಿಮ್ಮ ಭಾಷೆ ಇರಬೇಕು. ಕೈ ಹಿಡಿದು ತಿರುಚುವಾಗ ಹೇಳಿದಳು. ರಾತ್ರಿಯೆಲ್ಲ ಅದೇ ಕೇಳುತ್ತಿದೆ. ಏನದು ಅಕ್ಕಾ?"

ಅವನು ಮಗು ಪಾಠ ಒಪ್ಪಿಸುವ ಹಾಗೆ ಒಂದೊಂದೇ ಬಿಡಿಸಿ ಹೇಳಿದ.

"ಒಂದ್. ಕೈ. ಸಾಕು. ನಿಂಗೆ."

ಕೈ ಎಂದರೆ ಅವನಿಗೂ ಕೈಯೇ. ಸಾಕು ಎನ್ನುವುದನ್ನು ಅವನು ತಮಿಳಿನ ಸಾಕ್ಕು, ಅಂದರೆ ಗೋಣಿಚೀಲ ಎಂದುಕೊಂಡಿದ್ದ. ನನ್ನ ಕೈಯನ್ನು ಚೀಲಕ್ಕೆ ಹಾಕುತ್ತೇನೆ ಎಂದಳಾ ಅಕ್ಕಾ, ಎಂದು ಕೇಳಿದ. ನನಗೆ ಗೊತ್ತಿಲ್ಲ ಎಂದು ಹೇಳಿ, ಹೊರಗೆ ಬಂದು, ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅವನಿಗೆ ಕನ್ನಡ ಬರುವುದಿಲ್ಲ. ಬರದ ಭಾಷೆಯಲ್ಲಿ ತಪ್ಪಿಲ್ಲದ ಒಂದು ವಾಕ್ಯ ಕಟ್ಟಲು ಯಾರಿಂದಾದರೂ ಆಗುತ್ತದೆಯೇ? ಆ ಹೊತ್ತಿಗೆ ಅವನ ಕೈ ಅವನ ಮೈಯಲ್ಲೇ ಇತ್ತು. ಡಾಕ್ಟರು ಸರಿಹೋಗುತ್ತದೆ ಎಂದೇ ಹೇಳುತ್ತಿದ್ದರು. ಕೆಲವು ದಿನಗಳ ಮೇಲೆ ಮಧುರೈಗೆ ಸಾಗಿಸಿದರು, ರಕ್ತ ಓಡದೆ ಕೈ ಕಪ್ಪಾಯಿತು, ಮೊಣಕೈಯ ಮೇಲಿನಿಂದ ತೆಗೆದುಹಾಕಿದರು ಎಂದು ಇನ್ಸ್‌ಪೆಕ್ಟರೇ ಫೋನಿನಲ್ಲಿ ತಿಳಿಸಿದರು.

ಸತ್ತವನು ಓಡುವಾಗ ಜಾರಿಬಿದ್ದ, ಇವನು ಅವನನ್ನು ಹಿಡಿಯಲು ಹೋಗಿ ಬಿದ್ದು ಕೈ ಮುರಿದುಕೊಂಡ ಎಂದು ಪೊಲೀಸರು ಬರೆದುಕೊಂಡರು. ನಾನೂ ಸಹಿ ಹಾಕಿದೆ. ಅದಕ್ಕಿಂತ ಒಳ್ಳೆಯದನ್ನು ಹೇಳಲು ನನ್ನಲ್ಲಿ ಏನೂ ಇರಲಿಲ್ಲ.

ಕೊಂಬೈಯಲ್ಲಿ ನಮ್ಮ ಚಿಕ್ಕಜ್ಜಿ ಒಬ್ಬರಿದ್ದರು, ಈಗಿಲ್ಲ. ಅವರಿಗೆ ಎಲ್ಲವನ್ನೂ ಹೇಳಿದೆವು. ನಮ್ಮ ಕುಲದ ಹೆಂಗಸು ಯಾರಾದರೂ ಆ ಮಲೆಯಲ್ಲಿ, ನೀರಿನಲ್ಲಿ ಸತ್ತಿದ್ದಾರಾ ಎಂದು ಸೆಲ್ವಿ ಕೇಳಿದಳು. ಅಜ್ಜಿ ತುಂಬ ಹೊತ್ತು ಸೆಲ್ವಿಯ ಮೊಣಕಾಲಿನ ಕಟ್ಟಿನ ಮೇಲೆ ಕೈಯಾಡಿಸುತ್ತ ಕೂತಿದ್ದರು.

"ಎಷ್ಟು ಎಣ್ಮಕ್ಕಳು ಎಲ್ಲೆಲ್ಲಿ ಓದರೋ ಯಾರು ನೆನಪಿಟ್ಕೊಂಡವರೆ ಕಂದಾ," ಎಂದರು ಕೊನೆಗೆ. "ಬಂದಳಲ್ಲ, ಅಷ್ಟು ಸಾಕು. ಯಾರು ಅಂತ ಕೇಳಬ್ಯಾಡಿ."

ಸೆಲ್ವಿ ಕೇಳಲಿಲ್ಲ. ಅವಳಿಗೆ ಅಷ್ಟೇ ಸಾಕಾಯಿತು. ಕುಂಟುತ್ತಲೇ ತೋಟಕ್ಕೆ ಹೋಗುತ್ತಾಳೆ, ನಿಶ್ಚಿಂತೆಯಾಗಿ ನಿದ್ದೆ ಮಾಡುತ್ತಾಳೆ. ವಿಜಯಕ್ಕ ಇವತ್ತಿಗೂ ಪ್ರವಾಸ ಹೊರಟವರನ್ನೆಲ್ಲ ಕೂರಿಸಿಕೊಂಡು ದ್ವೀಪದ ನಿಯಮಗಳನ್ನು ಹೇಳುತ್ತಾಳೆ. ಅವು ಒಳ್ಳೆಯ ನಿಯಮಗಳೇ. ಕೊಂಬೆ ಕಂಡಾಗ ಅವಳ ಮಾತು ಕೇಳಿದ್ದರೆ ನಾವು ಗಾಯವಿಲ್ಲದೆ ಮನೆಗೆ ಬರುತ್ತಿದ್ದೆವು. ನೀವೂ ಕೇಳಿ. ನನಗೆ ಮಾತ್ರ ಯಾವುದರಿಂದಲೂ ಸಮಾಧಾನವಾಗಲಿಲ್ಲ.

ಕೊನೆಗೆ ಒಂದು ಮಾತು. ತೇನಿಯ ಕೋರ್ಟಿನಲ್ಲಿ ಸಾಕ್ಷಿ ಹೇಳಲು ಹೋದ ದಿನ ಅವನನ್ನು ಮತ್ತೆ ನೋಡಿದೆ. ಹೊರಗಿನ ಪಡಸಾಲೆಯ ಬೆಂಚಿನ ಮೇಲೆ ಪೇದೆಯ ಪಕ್ಕ ಕೂತಿದ್ದ. ಮೊಂಡು ಕೈ, ಮಡಚಿ ಪಿನ್ನು ಹಾಕಿದ ಶರ್ಟಿನ ತೋಳು. ಬಿಸಿಲು ಚೆನ್ನಾಗಿತ್ತು, ಸುತ್ತ ಜನ ಗಿಜಿಗುಟ್ಟುತ್ತಿದ್ದರು. ಯಾಕೋ ನನ್ನ ಕಾಲು ಅವನ ಮುಂದೆ ನಿಂತಿತು. ನಾನೇ ಹೇಳಿದೆ. ಅವತ್ತು ನೀನು ಕೇಳಿದ ಮಾತಿನ ಅರ್ಥ ಇದು, ಒಂದು ಕೈ ಸಾಕು ನಿನಗೆ, ಎಂದೆ.

ಅವನು ಖಾಲಿ ತೋಳನ್ನು ಒಂದು ಸಲ ನೋಡಿಕೊಂಡ. ಮುಖದಲ್ಲಿ ಸಿಟ್ಟಿರಲಿಲ್ಲ. ನಿಧಾನವಾಗಿ ಮುಂದಕ್ಕೆ ಬಾಗಿ, ಪೇದೆಗೆ ಕೇಳದಷ್ಟು ಮೆಲ್ಲಗೆ, "ಅವಳು ಇನ್ನು ಬರುವುದಿಲ್ಲ ತಾನೇ ಅಕ್ಕಾ?" ಎಂದ.

"ಇಲ್ಲ," ಎಂದೆ. "ನೀನು ಸರಿಯಾಗಿದ್ದರೆ ಬರುವುದಿಲ್ಲ."

ಅವನು ಕಣ್ಣು ಮುಚ್ಚಿಕೊಂಡು ಉದ್ದಕ್ಕೆ ಉಸಿರು ಬಿಟ್ಟ. ನಾನು ಒಳಗೆ ನಡೆದೆ. ಅವಳ ಪರವಾಗಿ ಹಾಗೆ ಮಾತು ಕೊಡಲು ನನಗೆ ಹೇಗೆ ಬಾಯಿ ಬಂತೋ, ಆ ಅಧಿಕಾರ ಯಾರು ಕೊಟ್ಟರೋ, ನನಗೆ ಇವತ್ತಿಗೂ ಗೊತ್ತಿಲ್ಲ.